ಮಾತು ಕೇಳಿಸಲ್ಲ, ಫೈಟ್ ಬಂದರೆ ಮನೆ ಅದುರುತ್ತೆ: 5.1 ಸ್ಪೀಕರ್‌ಗಳ ಲೆವೆಲ್ ಹೊಂದಿಸುವುದು ಹೇಗೆ?

ಪ್ರಶ್ನೆ: ಸರ್, ಹೊಸದಾಗಿ 5.1 ಸೆಟ್ ಹಾಕಿಸಿದ್ದೇನೆ: ಮುಂದೆ ಎಡ, ಬಲ, ನಡುವೆ ಸೆಂಟರ್, ಕೂರುವ ಜಾಗದ ಅಕ್ಕಪಕ್ಕ ಎರಡು ಸರೌಂಡ್, ಬಾಸ್‌ಗೆ (ತಗ್ಗು ಸದ್ದಿಗೆ) ಒಂದು ಸಬ್ ವೂಫರ್. ಸಿನಿಮಾದಲ್ಲಿ ಮಾತು ಸರಿಯಾಗಿ ಕೇಳಿಸಲ್ಲ. ವಾಲ್ಯೂಮ್ ಏರಿಸಿದರೆ ಮುಂದಿನ ಸೀನ್‌ನಲ್ಲಿ ಗಾಜು ಒಡೆಯುವ ಹಾಗೆ ಸದ್ದು. ರಿಮೋಟ್ ಕೆಳಗಿಡೋಕೇ ಆಗ್ತಿಲ್ಲ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ಬಲಗಡೆ ಸರೌಂಡ್ ನಾನು ಕೂರುವ ಜಾಗದಿಂದ 3 ಅಡಿ, ಎಡಗಡೆಯದು 6 ಅಡಿ. ಸೆಂಟರ್ ಸ್ಪೀಕರ್ ಟಿವಿ ಯೂನಿಟ್‌ನ ಖಾನೆಯೊಳಗೆ ಇದೆ. ರಿಸೀವರ್ (ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆ) ಜೊತೆ ಬಂದ ಮೈಕ್ ಅನ್ನು ಸೋಫಾ ಸೀಟಿನ ಮೇಲಿಟ್ಟು ಆಟೋ ಸೆಟಪ್ ಮಾಡಿದೆ, ಅಂದರೆ ರಿಸೀವರ್ ತಾನೇ ಅಳೆದು ಲೆವೆಲ್ ಹೊಂದಿಸಿತು. ಸೆಂಟರ್ +1, ಎಡ ಸರೌಂಡ್ -4, ಬಲ ಸರೌಂಡ್ -7, ಸಬ್ ವೂಫರ್ -12 ಡೆಸಿಬಲ್ (ಸದ್ದಿನ ಅಳತೆ) ಅಂತ ತೋರಿಸಿತು. ಇಷ್ಟು ವ್ಯತ್ಯಾಸ ಯಾಕೆ? ಎಲ್ಲವನ್ನೂ 0ಗೆ ತಂದರೆ ಸರಿಹೋಗುತ್ತಾ?

ಉತ್ತರ: 0ಗೆ ತರಬೇಡಿ ಸರ್. ಆ ನಂಬರ್ ಕನ್ನಡಕದ ಪವರ್ ಇದ್ದ ಹಾಗೆ. ಎರಡು ಕಣ್ಣಿಗೆ ಬೇರೆ ಬೇರೆ ಪವರ್ ಇದ್ದರೆ ತಪ್ಪೇನಿಲ್ಲ, ಎರಡೂ ಸಮನಾಗಿ ಕಂಡರೆ ಸಾಕು. ಇಲ್ಲೂ ನಂಬರ್ ಒಂದೇ ಇರಬೇಕಾಗಿಲ್ಲ. ನೀವು ಕೂರುವ ಜಾಗದಲ್ಲಿ ಎಲ್ಲ ಸ್ಪೀಕರ್‌ಗಳ ಸದ್ದು ಒಂದೇ ಅಳತೆಯಲ್ಲಿ ಬಂದು ಮುಟ್ಟಬೇಕು, ಅಷ್ಟೇ.

ನಿಮ್ಮ ಸರೌಂಡ್‌ಗಳನ್ನೇ ನೋಡಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆ, ಚಾವಣಿಯಿಂದ ವಾಪಸ್ ಬರುವ ಸದ್ದೂ ಸೇರಿಕೊಳ್ಳುವುದರಿಂದ ಅಷ್ಟು ಇಳಿಯಲ್ಲ. 3 ಅಡಿಗೂ 6 ಅಡಿಗೂ ನಡುವೆ ನಿಮ್ಮ ರಿಸೀವರ್ 3 ಡೆಸಿಬಲ್ ವ್ಯತ್ಯಾಸ ಕೊಟ್ಟಿದೆ. ಅದು ಸಹಜವಾಗಿಯೇ ಇದೆ. ಎರಡನ್ನೂ 0ಗೆ ತಂದರೆ ಬಲಗಿವಿಯ ಹತ್ತಿರ ಯಾರೋ ನಿಂತು ಕೂಗಿದ ಹಾಗಾಗುತ್ತೆ.

ತೊಂದರೆ ಇರುವುದು ಸಬ್‌ನ -12ರಲ್ಲಿ. ಬಹಳಷ್ಟು ರಿಸೀವರ್‌ಗಳಲ್ಲಿ ಅದೇ ಕೊನೆ, ಅದಕ್ಕಿಂತ ಕೆಳಗೆ ಹೋಗೋಕೆ ಬರಲ್ಲ. ಅಂದರೆ ಇನ್ನೂ ಇಳಿಸಬೇಕು ಅಂತ ರಿಸೀವರ್‌ಗೆ ಅನಿಸಿದರೂ ದಾರಿ ಇಲ್ಲ. ಸಬ್‌ನ ಹಿಂಭಾಗದಲ್ಲಿ ಗೇನ್ ಅಥವಾ ವಾಲ್ಯೂಮ್ ಅಂತ ಒಂದು ನಾಬ್ ಇರುತ್ತಲ್ವಾ, ಅದನ್ನು ಇಳಿಸಿ ಮತ್ತೆ ಸೆಟಪ್ ಓಡಿಸಿ. -5ರಿಂದ 0 ಒಳಗೆ ಎಲ್ಲಿ ಬಂದರೂ ಸರಿ.

ಮೈಕ್ ಸೀಟಿನ ಮೇಲೆ ಬೇಡ. ಅಲ್ಲಿ ನಿಮ್ಮ ಕಿವಿ ಇಲ್ಲ ಅಲ್ವಾ? ಕ್ಯಾಮೆರಾ ಸ್ಟ್ಯಾಂಡ್‌ಗೆ ಸಿಕ್ಕಿಸಿ ಕಿವಿಯ ಎತ್ತರಕ್ಕೆ ತನ್ನಿ. ಸೋಫಾದ ಬೆನ್ನಿಗೆ ತಾಗಿಸದೆ ಒಂದಿಷ್ಟು ಮುಂದಿಡಿ. ಕೈಯಲ್ಲಿ ಹಿಡಿದುಕೊಂಡು ಅಳೆಯಬೇಡಿ. ಅಳೆಯುವಾಗ ಫ್ಯಾನ್, ಎಸಿ ಆಫ್ ಮಾಡಿ, ಎಲ್ಲರನ್ನೂ ಹೊರಗೆ ಕಳಿಸಿ.

ಇನ್ನೊಬ್ಬರು: ನನ್ನದು ಹಳೇ ರಿಸೀವರ್, ಮೈಕ್ ಬಂದಿಲ್ಲ. ಫೋನ್‌ನಲ್ಲಿ ಸೌಂಡ್ ಮೀಟರ್ ಆಪ್ ಹಾಕಿಕೊಂಡು ಮಾಡಬಹುದಾ?

ಉತ್ತರ: ಧಾರಾಳವಾಗಿ. ನಾನೂ ಆಟೋ ಸೆಟಪ್ ಆದ ಮೇಲೆ ಒಂದು ಸಲ ಮೀಟರ್ ಹಿಡಿದು ನೋಡುತ್ತೇನೆ.

ರಿಸೀವರ್ ಮೆನುವಿನಲ್ಲಿ ಟೆಸ್ಟ್ ಟೋನ್ ಇರುತ್ತದೆ. ಒಂದೊಂದೇ ಸ್ಪೀಕರ್‌ನಿಂದ 'ಶ್ಶ್' ಅಂತ ಸದ್ದು ಬರುತ್ತೆ. ಅದು ಪಿಂಕ್ ನಾಯ್ಸ್. ಹಾಡು ಹಾಕಿ ಅಳೆಯಬೇಡಿ, ಹಾಡಿನ ಸದ್ದು ಒಂದು ಕಡೆ ನಿಲ್ಲಲ್ಲ. ಮೀಟರ್‌ನಲ್ಲಿ ಎರಡು ಸೆಟ್ಟಿಂಗ್ ಮುಖ್ಯ: 'ಸಿ' ವೆಯ್ಟಿಂಗ್ (ತಗ್ಗು ಸದ್ದನ್ನೂ ಹೆಚ್ಚುಕಡಿಮೆ ಪೂರ್ತಿ ಲೆಕ್ಕಕ್ಕೆ ತಗೊಳ್ಳುವ ಅಳತೆ) ಮತ್ತು 'ಸ್ಲೋ' (ಅಂಕಿ ನಿಧಾನವಾಗಿ ಬದಲಾಗುವ ಸೆಟ್ಟಿಂಗ್). ಫೋನ್ ಅನ್ನು ತಲೆ ಇರುವ ಜಾಗದಲ್ಲಿ ಮೈಕ್ ಮೇಲ್ಮುಖವಾಗಿರುವ ಹಾಗೆ ನಿಲ್ಲಿಸಿ. ಒಂದೊಂದು ಸ್ಪೀಕರ್‌ನ ಲೆವೆಲ್ ಏರಿಸಿ ಇಳಿಸಿ 75 ಡೆಸಿಬಲ್‌ಗೆ ತನ್ನಿ. ಮನೆಯ ರಿಸೀವರ್‌ಗಳ ಟೆಸ್ಟ್ ಟೋನ್‌ಗೆ ರೂಢಿಯಲ್ಲಿರುವ ಲೆಕ್ಕ ಅದು. ನಿಮ್ಮ ಫೋನ್ 75 ಇರುವುದನ್ನು 71 ಅಂತ ತೋರಿಸಿದರೂ ಚಿಂತೆಯಿಲ್ಲ. ಎಲ್ಲ ಸ್ಪೀಕರ್‌ಗೂ 71 ಬಂತೋ ಇಲ್ಲವೋ ನೋಡಿ. ಅರ್ಧ ಡೆಸಿಬಲ್ ಹೆಚ್ಚು ಕಡಿಮೆ ಆಯ್ತು ಅಂತ ತಲೆ ಕೆಡಿಸಿಕೊಳ್ಳಬೇಡಿ. ತಲೆ ಒಂದು ಗೇಣು ಆಚೀಚೆ ಆದರೂ ಅಷ್ಟು ಬದಲಾಗುತ್ತೆ.

ಸಬ್ ವಿಷಯದಲ್ಲಿ ಮಾತ್ರ ಫೋನನ್ನು ಪೂರ್ತಿ ನಂಬಬೇಡಿ. ಎಷ್ಟೋ ಆಪ್‌ಗಳು ತೆರೆದ ಕೂಡಲೇ 'ಎ' ವೆಯ್ಟಿಂಗ್‌ನಲ್ಲಿರುತ್ತವೆ. ಅದು ತಗ್ಗು ಸದ್ದನ್ನು ಲೆಕ್ಕಕ್ಕೇ ತಗೊಳ್ಳಲ್ಲ ಅನ್ನಬೇಕು. 50 ಹರ್ಟ್ಸ್‌ನಲ್ಲಿ ಇರುವುದಕ್ಕಿಂತ ಸುಮಾರು 30 ಡೆಸಿಬಲ್ ಕಡಿಮೆ ತೋರಿಸುತ್ತೆ. ಅದನ್ನು ನೋಡಿಕೊಂಡು '75 ಬರಲಿ' ಅಂತ ಸಬ್ ಏರಿಸುತ್ತಾ ಹೋದವರ ಮನೆಗೆ ನಾನು ಹೋಗಿದ್ದೇನೆ. ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು, ಮೀಟರ್ ಮಾತ್ರ ಇನ್ನೂ ಸಾಲದು ಅನ್ನುತ್ತಿತ್ತು. 'ಸಿ'ಗೆ ಬದಲಾಯಿಸಿದರೂ ಫೋನಿನ ಪುಟ್ಟ ಮೈಕ್‌ಗೆ ಬಾಸ್ ಪೂರ್ತಿ ಸಿಗದೇ ಇರಬಹುದು. ಮುಳ್ಳು ಓಲಾಡುತ್ತಲೇ ಇರುತ್ತೆ, ನಡುವಿನ ಅಂಕಿ ಹಿಡಿಯಿರಿ. ಆಮೇಲೆ ಪರಿಚಯದ ಸಿನಿಮಾ ಹಾಕಿ. ಗಂಡಸರ ದನಿ ಡಬ್ಬದೊಳಗಿಂದ ಬಂದಂತೆ ಗುಂಯ್ ಅಂದರೆ ಸಬ್ ಜಾಸ್ತಿಯಾಗಿದೆ ಅಂತ ಅರ್ಥ.

ಪ್ರಶ್ನೆ ಕೇಳಿದವರು: ಸರ್, ನೀವು ಹೇಳಿದ ಹಾಗೆ ಮಾಡಿದೆ. ಸಬ್ ಈಗ -3.5. ಬಾಸ್ ಹದಕ್ಕೆ ಬಂತು. ಎಲ್ಲ ಸ್ಪೀಕರ್ ಮೀಟರ್‌ನಲ್ಲಿ ಸಮ ಇದೆ. ಆದರೆ ಮಾತು ಇನ್ನೂ ಅಷ್ಟಕ್ಕಷ್ಟೇ. ಸೆಂಟರ್ +6 ಮಾಡಲಾ?

ಉತ್ತರ: ತಡೆಯಿರಿ. ಮೊದಲು ಸಿನಿಮಾ ಓಡುತ್ತಿರುವಾಗ ಸೆಂಟರ್ ಸ್ಪೀಕರ್‌ಗೆ ಕಿವಿ ಹಚ್ಚಿ ನೋಡಿ. ಮಾತು ಅದರಿಂದ ಬರುತ್ತಿದೆಯಾ? ರಿಸೀವರ್ ಡಿಸ್‌ಪ್ಲೇಯಲ್ಲಿ ಒಳಗೆ ಬರುತ್ತಿರುವ ಸಿಗ್ನಲ್ ಯಾವುದು ಅಂತ ತೋರಿಸುವ ಬಟನ್ ಇರುತ್ತದೆ, ಅದನ್ನೂ ಒತ್ತಿ. ಡಾಲ್ಬಿ ಅಥವಾ ಡಿಟಿಎಸ್ (ಸಿನಿಮಾದ ಸರೌಂಡ್ ಸದ್ದಿನ ಫಾರ್ಮ್ಯಾಟ್‌ಗಳು) ಅಂತ ಬಂದರೆ ಸರಿ. ಸುಮ್ನೆ ಪಿಸಿಎಂ ಸ್ಟೀರಿಯೋ ಅಂತ ಬಂದರೆ ಟಿವಿ ಬರೀ ಎರಡು ಚಾನೆಲ್ ಕಳಿಸುತ್ತಿದೆ. ರಿಸೀವರ್ ಕೂಡ ಸ್ಟೀರಿಯೋ ಮೋಡ್‌ನಲ್ಲಿದ್ದರೆ ಸೆಂಟರ್‌ಗೆ ಕೆಲಸವೇ ಇಲ್ಲ. +6 ಅಲ್ಲ, +12 ಮಾಡಿದರೂ ಸೊನ್ನೆಯೇ. ಟಿವಿಯ ಆಡಿಯೋ ಔಟ್‌ಪುಟ್ ಅನ್ನು ಬಿಟ್‌ಸ್ಟ್ರೀಮ್ ಅಥವಾ ಪಾಸ್ ಥ್ರೂಗೆ ಹಾಕಿ, ಆಗ ಸಿಗ್ನಲ್ ಇದ್ದ ಹಾಗೇ ರಿಸೀವರ್‌ಗೆ ಹೋಗುತ್ತೆ.

ಅದು ಸರಿಯಿದ್ದರೆ ಮುಂದಿನ ಆರೋಪಿ ಆ ಖಾನೆ. ಸ್ಪೀಕರ್ ಒಳಗೆ ಕೂತಿದ್ದರೆ ಸದ್ದು ಖಾನೆಯ ಹಲಗೆಗಳಿಗೆ ಬಡಿದು ಮಸುಕಾಗಿ ಹೊರಗೆ ಬರುತ್ತೆ. ಲೆವೆಲ್ ಏರಿಸಿದರೆ ಅದೇ ಮಸುಕು ಇನ್ನೂ ಜೋರಾಗಿ ಕೇಳುತ್ತೆ, ಅಷ್ಟೇ. ಸ್ಪೀಕರ್‌ನ ಮುಖ ಖಾನೆಯ ಅಂಚಿಗೆ ಸಮ ಬರುವಷ್ಟು, ಇಲ್ಲವೇ ಒಂದು ಬೆರಳು ಹೊರಗೆ ಬರುವಷ್ಟು ಎಳೆಯಿರಿ. ಮುಂಭಾಗದ ಕೆಳಗೆ ರಬ್ಬರ್ ತುಂಡು ಕೊಟ್ಟು ಕಿವಿಯತ್ತ ಓರೆ ಮಾಡಿ. ಇಷ್ಟಾದ ಮೇಲೂ ಬೇಕೆನಿಸಿದರೆ ಸೆಂಟರ್‌ಗೆ 1 ಅಥವಾ 2 ಡೆಸಿಬಲ್ ಸೇರಿಸಿ. 3 ದಾಟಿದರೆ ಎಡಬಲದ ಸದ್ದೆಲ್ಲ ನಡುವಿಗೇ ಬಂದು ಗುಡ್ಡೆಯಾಗುತ್ತದೆ.

ಒಂದು ಮಾತು ಹೇಳಲೇಬೇಕು. ಸಿನಿಮಾದ ಸೌಂಡ್ ಮಿಕ್ಸ್ ಆಗುವುದು ಥಿಯೇಟರ್ ಲೆಕ್ಕಕ್ಕೆ. ಪಿಸುಮಾತಿಗೂ ಸ್ಫೋಟಕ್ಕೂ ಬೇಕಂತಲೇ ಅಂತರ ಇಟ್ಟಿರುತ್ತಾರೆ. ಮನೆಯಲ್ಲಿ ಅದನ್ನೇ ಕಡಿಮೆ ವಾಲ್ಯೂಮ್‌ನಲ್ಲಿ ಹಾಕಿದರೆ ಮಾತು ತಳ ಸೇರುತ್ತೆ. ಇದು ಲೆವೆಲ್ ತಪ್ಪಲ್ಲ. ರಾತ್ರಿ ಹೊತ್ತು ನೈಟ್ ಮೋಡ್ ಅಥವಾ ಡೈನಾಮಿಕ್ ರೇಂಜ್ ಅನ್ನೋ ಸೆಟ್ಟಿಂಗ್ ಆನ್ ಮಾಡಿ. ಅದು ಜೋರು ಸದ್ದನ್ನು ತಗ್ಗಿಸಿ, ಸಣ್ಣ ಸದ್ದನ್ನು ಎತ್ತುತ್ತೆ. ಆಡಿಯೋ ಹುಚ್ಚಿನವರು ಇದಕ್ಕೆ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ.

ಮತ್ತೊಬ್ಬರು: ನನ್ನ ಸಬ್ ನಿಜವಾಗಿ 10 ಅಡಿ ದೂರ ಇದೆ. ಆಟೋ ಸೆಟಪ್ 18 ಅಡಿ ಅಂತ ತೋರಿಸುತ್ತೆ. ತಿದ್ದಲಾ? ಮತ್ತೆ ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್' ಅಂತ ಹಾಕಿಕೊಂಡಿದೆ.

ಉತ್ತರ: ದೂರ ತಿದ್ದಬೇಡಿ. ಸದ್ದು ಒಂದು ಅಡಿ ದಾಟಲು ಸುಮಾರು 0.9 ಮಿಲಿಸೆಕೆಂಡ್ ಬೇಕು. ಸಬ್‌ನ ಒಳಗಿನ ಸರ್ಕ್ಯೂಟ್ ಸದ್ದನ್ನು 7 ಮಿಲಿಸೆಕೆಂಡ್ ತಡ ಮಾಡಿದರೆ ರಿಸೀವರ್‌ಗೆ ಅದು 8 ಅಡಿ ಜಾಸ್ತಿ ದೂರ ಇದ್ದ ಹಾಗೆ ಕಾಣುತ್ತೆ. ಅದಕ್ಕೆ ಬೇಕಾಗಿರುವುದು ಸಮಯದ ಲೆಕ್ಕ, ಟೇಪಿನ ಅಳತೆಯಲ್ಲ. 'ಲಾರ್ಜ್' ಅಂದರೆ ಬಾಸ್ ಕೂಡ ಆ ಸ್ಪೀಕರ್‌ಗಳಿಗೇ ಹೋಗುತ್ತೆ, ಅದನ್ನು ಮಾತ್ರ ಬದಲಿಸಿ. 'ಸ್ಮಾಲ್' ಮಾಡಿ ಕ್ರಾಸ್‌ಓವರ್ (ಎಲ್ಲಿಂದ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಅನ್ನೋ ಗಡಿ) 80 ಹರ್ಟ್ಸ್ ಇಡಿ, ಬಾಸ್ ಹೊರೆಯನ್ನು ಸಬ್ ಹೊರಲಿ. ತೀರಾ ಪುಟ್ಟ ಸ್ಪೀಕರ್ ಆದರೆ 100 ಅಥವಾ 120ಕ್ಕೆ ಏರಿಸಬೇಕಾದೀತು.

ಪ್ರಶ್ನೆ ಕೇಳಿದವರು: ಟಿವಿ ಸ್ಟೀರಿಯೋದಲ್ಲೇ ಇತ್ತು ಸರ್! ಬಿಟ್‌ಸ್ಟ್ರೀಮ್ ಹಾಕಿದ ಕೂಡಲೇ ಮಾತು ನಡುವಿಗೆ ಬಂತು. ಸೆಂಟರ್ +2ಕ್ಕೆ ನಿಲ್ಲಿಸಿದೆ. ಈಗ ಹಗಲು ಹೊತ್ತು ಜೋರಾಗಿ ಹಾಕಿದರೆ ಸರೌಂಡ್ ಸತ್ತೇ ಹೋಗಿದೆ ಅನಿಸುತ್ತೆ. ರಾತ್ರಿ ಸಣ್ಣಗೆ ಹಾಕಿದರೆ ಅದೇ ಮುಂದೆ ಬರುತ್ತೆ. ಇದೇನು ವಿಚಿತ್ರ?

ಉತ್ತರ: ರಾತ್ರಿಯದು ಬಹುಶಃ ಡೈನಾಮಿಕ್ ಇಕ್ಯೂ ಕೆಲಸ. ಆಡಿಸ್ಸಿ ಅನ್ನೋ ಆಟೋ ಸೆಟಪ್ ವ್ಯವಸ್ಥೆ ಇರುವ ರಿಸೀವರ್‌ಗಳಲ್ಲಿ ಅದು ವಾಲ್ಯೂಮ್ ಇಳಿದಂತೆ ಬಾಸ್ ಮತ್ತು ಸರೌಂಡ್ ಎರಡನ್ನೂ ಎತ್ತಿ ಕೊಡುತ್ತೆ. ಕಿರಿಕಿರಿ ಆದರೆ ಆಫ್ ಮಾಡಿ. ಇಲ್ಲವೇ ಅದೇ ಮೆನುವಿನಲ್ಲಿ ರೆಫರೆನ್ಸ್ ಲೆವೆಲ್ ಆಫ್‌ಸೆಟ್ ಅನ್ನು 5 ಅಥವಾ 10ಕ್ಕೆ ಇಡಿ, ಆ ಎತ್ತುವಿಕೆ ಕಡಿಮೆಯಾಗುತ್ತೆ.

ಹಗಲಿನದು ಸರಿಯಾಗಿಯೇ ಇದೆ. ಇಬ್ಬರು ಕೂತು ಮಾತಾಡುವ ಸೀನ್‌ನಲ್ಲಿ ಸರೌಂಡ್‌ಗೆ ಹೇಳಿಕೊಳ್ಳುವಂಥ ಕೆಲಸ ಇರಲ್ಲ. ಮಳೆ, ಜನಜಂಗುಳಿ, ಹೆಲಿಕಾಪ್ಟರ್ ಬರುವ ಸೀನ್ ಹಾಕಿ. ಮಳೆಯೊಳಗೆ ಕೂತ ಹಾಗೆ ಅನಿಸಬೇಕು, ಇದು ಬಲಗಡೆ ಡಬ್ಬದಿಂದ ಬಂತು ಅಂತ ಬೆರಳು ತೋರಿಸುವ ಹಾಗೆ ಇರಬಾರದು. ಇನ್ನೂ ಅನುಮಾನ ಇದ್ದರೆ ಟೆಸ್ಟ್ ಟೋನ್ ಒಂದು ಸುತ್ತು ಹಾಕಿ ನೋಡಿ, ಬದುಕಿದೆಯೋ ಸತ್ತಿದೆಯೋ ಗೊತ್ತಾಗುತ್ತೆ.

ನಿಮ್ಮ ಬಲಗಡೆ ಸರೌಂಡ್ 3 ಅಡಿಯಲ್ಲೇ ಇರುವುದು ಮಾತ್ರ ನನಗೆ ಹಿಡಿಸಿಲ್ಲ. ಸಾಧ್ಯವಾದರೆ ಅದನ್ನು ಕಿವಿಗಿಂತ ಎರಡು ಅಡಿ ಮೇಲಕ್ಕೆ ಏರಿಸಿ. ದೂರವೂ ಸ್ವಲ್ಪ ಹೆಚ್ಚುತ್ತೆ, ನೇರ ಕಿವಿಗೆ ಬಡಿಯುವುದೂ ತಪ್ಪುತ್ತೆ. ಹಾಗೆ ಮಾಡಿದರೆ ಲೆವೆಲ್ ಮತ್ತೆ ಅಳೆಯಲೇಬೇಕು. ಅದಾದ ಮೇಲೆ ಸರೌಂಡ್‌ಗಳಿಗೆ 1 ಅಥವಾ 2 ಡೆಸಿಬಲ್ ಜಾಸ್ತಿ ಕೊಡೋಣ ಅನಿಸಿದರೆ ಕೊಡಿ, ಕೇಳುವವರು ನೀವು. ಕೈ ಹಾಕುವ ಮುಂಚೆ ಈಗಿನ ಲೆವೆಲ್ ಪೇಜಿನ ಫೋಟೋ ಒಂದು ತೆಗೆದಿಟ್ಟುಕೊಳ್ಳಿ.