ಹಳೆಯ ಕಬ್ಬಿಣದ ಮಂಚಿಕೆಯನ್ನು ಹೊಲದ ಕಾವಲಿಗೆ ಮತ್ತೆ ಸಜ್ಜುಗೊಳಿಸುವುದು ಹೇಗೆ?

ಪ್ರಶ್ನೆ: ಸಂಡೂರು ತಾಲ್ಲೂಕಿನ ರೈತ

ನಮ್ಮ ಹೊಲ ದರೋಜಿ ಕರಡಿಧಾಮದ ಅಂಚಿಗೆ ಹತ್ತಿರದಲ್ಲಿದೆ. ಶೇಂಗಾ ಕಾಯಿ ಕಟ್ಟಿದಾಗ ಹಂದಿಗಳು, ಮೆಕ್ಕೆಜೋಳದ ತೆನೆ ಹಾಲುಗಟ್ಟಿದಾಗ ಹಂದಿಗಳೊಡನೆ ಕರಡಿಗಳೂ ನುಗ್ಗುವುದರಿಂದ ರಾತ್ರಿ ಕಾವಲು ತಪ್ಪಿದ್ದಲ್ಲ. ಜಾಲಿ ಗೂಟಗಳ ಮೇಲಿದ್ದ ನಮ್ಮ ಹಳೆಯ ಮಂಚಿಕೆ ಗೆದ್ದಲು ಹಿಡಿದು ಕುಸಿದಿದೆ. ಹೊಸಪೇಟೆಯ ಗುಜರಿಯಲ್ಲಿ ಮರಕ್ಕೆ ಒರಗಿಸಿ ಪಟ್ಟಿಯಿಂದ ಬಿಗಿಯುವ, ಏಣಿ ಸಹಿತವಾದ ಕಬ್ಬಿಣದ ಮಂಚಿಕೆಯೊಂದು ಸಿಕ್ಕಿತು. ಹೊರದೇಶಗಳಲ್ಲಿ ಬೇಟೆಗಾರರು ಜಿಂಕೆಗಾಗಿ ಕಾದು ಕೂರಲು ಬಳಸುವ ಮಾದರಿ ಅದು. ಏಣಿ ಒಂದರೊಳಗೊಂದು ಸೇರುವ ಮೂರು ತುಂಡುಗಳದ್ದು. ಅಲ್ಲಲ್ಲಿ ತುಕ್ಕು ಹಿಡಿದಿದೆ, ಕಾಲಿಡುವ ಹಲಗೆ ಉಬ್ಬಿದೆ, ನೈಲಾನ್ ಪಟ್ಟಿಗಳು ಬಣ್ಣಗೆಟ್ಟಿವೆ. ಬಣ್ಣ ಬಳಿದು ಬಳಸಬಹುದೇ, ಅಥವಾ ಮೊದಲು ಬೇರೆ ಕೆಲಸವಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಕೊಪ್ಪಳದ ವೆಲ್ಡಿಂಗ್ ಕೆಲಸಗಾರ

ಬಣ್ಣದ ಡಬ್ಬಿಯನ್ನು ಸದ್ಯಕ್ಕೆ ತೆರೆಯಬೇಡಿ ಸರ್. ಬಣ್ಣ ಬಳಿದ ಮೇಲೆ ದೋಷ ಕಾಣುವುದಿಲ್ಲ, ಗುಜರಿಯವರು ಹಳೆಯ ಸಾಮಾನಿಗೆ ಬಣ್ಣ ಬಳಿಯುವುದೂ ಅನೇಕ ಸಲ ಅದಕ್ಕಾಗಿಯೇ.

ಇಂಥ ಏಣಿಯ ಪೈಪುಗಳು ಒಳಗಿನಿಂದ ಕೊಳೆಯುತ್ತವೆ. ಮಳೆನೀರು ಜೋಡಣೆಯ ಸಂದಿಯಿಂದ ಇಳಿದು ಪ್ರತಿ ತುಂಡಿನ ಕೆಳತುದಿಯಲ್ಲಿ ನಿಲ್ಲುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗಿನ ತಗಡು ತೆಳುವಾಗಿರುತ್ತದೆ. ಚಿಕ್ಕ ಸುತ್ತಿಗೆಯಿಂದ ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಬನ್ನಿ: ಗಟ್ಟಿ ಪೈಪು ಖಣಖಣ ಎನ್ನುತ್ತದೆ, ಸವೆದ ಜಾಗದಲ್ಲಿ ಸದ್ದು ಮಂದವಾಗುತ್ತದೆ. ಅಲ್ಲಿ ಸ್ಕ್ರೂಡ್ರೈವರಿನ ಮೊನೆಯನ್ನು ಒತ್ತಿದಾಗ ತಗ್ಗು ಬಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಬೇಕೇ ಹೊರತು ಪುಟ್ಟಿ ತುಂಬಿ ಮುಚ್ಚಬಾರದು. ಮೆಟ್ಟಿಲಿನ ಬೆಸುಗೆಗಳ ಸುತ್ತ ಕೂದಲೆಳೆಯಷ್ಟು ಕಂದು ಗೆರೆ ಕಂಡರೆ ಅದು ಸೀಳು. ಗ್ರೈಂಡರಿನಿಂದ ಹಳೆಯ ಬೆಸುಗೆಯನ್ನು ತೆಗೆದು ಹೊಸದಾಗಿ ಹಾಕಿಸಿ. ಸತು ಲೇಪಿಸಿದ ಪೈಪಾಗಿದ್ದರೆ ಲೇಪವನ್ನು ಮೊದಲು ಉಜ್ಜಿ ತೆಗೆದು ಬಯಲಿನಲ್ಲೇ ಬೆಸೆಯಬೇಕು, ಏಕೆಂದರೆ ಆ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ಇಷ್ಟಾದ ಮೇಲೆ ವೈರ್ ಬ್ರಷ್ ಮತ್ತು ಎಮರಿ ಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ, ಅದೇ ದಿನ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಒಣಗಿದ ಮೇಲೆ ಎನಾಮೆಲ್ ಎರಡು ಕೋಟು ಕೊಡಿ. ಮೆಟ್ಟಿಲುಗಳ ಮೇಲಿನ ಬಣ್ಣ ಹಸಿಯಿರುವಾಗಲೇ ಜರಡಿ ಹಿಡಿದ ಮರಳನ್ನು ಉದುರಿಸಿದರೆ ಇಬ್ಬನಿಯಲ್ಲೂ ಚಪ್ಪಲಿ ಜಾರುವುದಿಲ್ಲ. ಪ್ರತಿ ಪೈಪಿನ ಕೆಳಗೆ ನೀರು ಸೋರಲು ಸಣ್ಣ ತೂತೊಂದಿರಲಿ. ಬೋಲ್ಟುಗಳನ್ನು ಪೂರ್ತಿ ಬದಲಿಸಿ, ತಲೆಯ ಮೇಲೆ 8.8 ಎಂದು (ಇದು ಬೋಲ್ಟಿನ ಬಲದ ದರ್ಜೆ) ಕೆತ್ತಿರುವುದನ್ನೇ ಕೇಳಿ ಪಡೆಯಿರಿ. ಹಲಗೆಗೆ ಬಿಸಿಲು ಮಳೆ ತಡೆಯುವ ಸಾಗುವಾನಿ ಸಾಕು.

ಪಟ್ಟಿಗಳ ವಿಷಯದಲ್ಲಿ ಪರೀಕ್ಷೆಯೇ ಬೇಡ. ನಮ್ಮ ಕಡೆಯ ಬಿಸಿಲಿಗೆ ನೈಲಾನ್ ಎಳೆಗಳು ಒಳಗೊಳಗೇ ಸುಟ್ಟಿರುತ್ತವೆ. ಮತ್ತೊಬ್ಬರು ಎತ್ತಿ ಬಳಸದಂತೆ ತುಂಡು ಮಾಡಿ ಬಿಸಾಡಿ, ಹೊಸದನ್ನು ಕೊಳ್ಳಿ.

ಉತ್ತರ: ಕಂಪ್ಲಿ ಕಡೆಯವನು

ಮೇಲಿನವರು ಮಂಚಿಕೆಯ ಬಗ್ಗೆ ಹೇಳಿದ್ದು ಸರಿ, ಆದರೆ ಅದನ್ನು ಹೊರುವ ಮರದ ವಿಚಾರವನ್ನು ಯಾರೂ ಕೇಳಲಿಲ್ಲ. ನೆಟ್ಟಗೆ ಬೆಳೆದ, ಪೊಟರೆಯಿಲ್ಲದ ಜೀವಂತ ಬೇವು ಒಳ್ಳೆಯದು. ಹಳೆಯ ಹುಣಸೆ ಎಷ್ಟೇ ದಪ್ಪವಿದ್ದರೂ ಒಳಗೆ ಟೊಳ್ಳಿರಬಹುದು. ಜೇನುಗೂಡು ಇರುವ ಮರ ಬೇಡವೇ ಬೇಡ, ಏಕೆಂದರೆ ಕರಡಿ ಜೇನಿಗಾಗಿ ಮರವನ್ನು ಸಲೀಸಾಗಿ ಹತ್ತುತ್ತದೆ. ಎತ್ತರದಲ್ಲಿ ಕೂತ ಮಾತ್ರಕ್ಕೆ ಕರಡಿಯಿಂದ ರಕ್ಷಣೆಯಿದೆ ಎಂದು ಭಾವಿಸಬೇಡಿ; ಮಂಚಿಕೆಯಿಂದ ಆಗುವ ಉಪಕಾರವೆಂದರೆ ದೂರದಿಂದಲೇ ಕಂಡು, ಬ್ಯಾಟರಿ ಬಿಟ್ಟು, ಡಬ್ಬಿ ಬಡಿದು ಓಡಿಸಬಹುದು ಎಂಬುದಷ್ಟೇ. ಅದು ಬಂದಾಗ ಕೆಳಗಿಳಿಯುವ ಸಾಹಸವಂತೂ ಕೂಡದು. ಗುಡುಗು ಸಿಡಿಲಿನ ರಾತ್ರಿ ಮರವೇರದೆ ಮನೆಯಲ್ಲಿರಿ, ಹೋದ ಬೆಳೆಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕಬಹುದು.

ಬೇಟೆಯ ಮಂಚಿಕೆಯೆಂದು ಬರೆದಿದ್ದರಿಂದ ಹೇಳುತ್ತಿದ್ದೇನೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಅಪರಾಧ, ಬಂದೂಕು ಮೇಲೇರಿದರೆ ಕಾವಲೆಂಬ ಮಾತು ನಿಲ್ಲುವುದಿಲ್ಲ. ಬೇಲಿಗೆ ನೇರವಾಗಿ ಕರೆಂಟು ಕೊಡುವುದೂ ಹಾಗೆಯೇ. ಅದರಿಂದ ಸಾಯುವವರಲ್ಲಿ ಮನುಷ್ಯರೂ ಇರುತ್ತಾರೆ.

ಪ್ರಶ್ನೆ ಕೇಳಿದವರು

ಬಂದೂಕು ನಮ್ಮ ಮನೆಯಲ್ಲೇ ಇಲ್ಲ ಅಣ್ಣಾ. ತಟ್ಟಿ ನೋಡಿದೆ: ನಡುವಿನ ತುಂಡಿನ ಕೆಳತುದಿಯಲ್ಲಿ ಗೇಣುದ್ದ ಜಾಗದಲ್ಲಿ ಸ್ಕ್ರೂಡ್ರೈವರು ಒಳಗಿಳಿಯಿತು. ಮೇಲೊಂದು ತಗಡಿನ ತೋಳು ತೊಡಿಸಿ ಬೆಸೆದರೆ ನಡೆಯುತ್ತದೆಯೇ? ನಡುವಿಗೆ ಹಗ್ಗ ಕಟ್ಟಿಕೊಂಡರೆ ಸಾಕೇ?

ಉತ್ತರ: ಕೊಪ್ಪಳದ ವೆಲ್ಡಿಂಗ್ ಕೆಲಸಗಾರ

ಎರಡು ತುಂಡುಗಳು ಸೇರುವ ಜಾಗಕ್ಕೇ ಹೆಚ್ಚು ಭಾರ ಬೀಳುವುದರಿಂದ ಅಲ್ಲಿ ತೋಳು ನಡೆಯುವುದಿಲ್ಲ, ಹೊರಗೆ ತೋಳು ತೊಡಿಸಿದರೆ ತುಂಡುಗಳು ಕೂಡುವುದೂ ಇಲ್ಲ. ನಡುವಿನ ತುಂಡನ್ನೇ ಬಿಟ್ಟುಬಿಡಿ. ಉಳಿದೆರಡರ ಅಳತೆ ಒಂದಕ್ಕೊಂದು ಹೊಂದಿದರೆ ಹತ್ತು ಅಡಿ ಸಿಕ್ಕರೂ ಹೊಲ ಕಾಯಲು ಸಾಕು, ಹೊಂದದಿದ್ದರೆ ಅದೇ ದಪ್ಪದ ಹೊಸ ಪೈಪಿನಲ್ಲಿ ತುಂಡನ್ನು ಮಾಡಿಸಿಕೊಳ್ಳಿ.

ನಡುವಿನ ಹಗ್ಗ ಬೇಡ. ಜಾರಿದಾಗ ಅದು ಪಕ್ಕೆಲುಬು ಮುರಿಯುತ್ತದೆ. ಕಟ್ಟಡ ಕೆಲಸದವರು ತೊಡುವ, ತೊಡೆ ಮತ್ತು ಭುಜಗಳನ್ನು ಸುತ್ತುವ, ಐಎಸ್ 3521 (ಸುರಕ್ಷಾ ಬೆಲ್ಟುಗಳ ಭಾರತೀಯ ಮಾನಕ) ಗುರುತಿನ ಬೆಲ್ಟನ್ನು ಕೊಂಡು ತೊಟ್ಟು, ಅದರ ಹಗ್ಗವನ್ನು ಕೂತಾಗ ತಲೆಗಿಂತ ಮೇಲೆ ಬರುವಂತೆ ಕಾಂಡಕ್ಕೆ ಬಿಗಿಯಿರಿ. ಮೊದಲ ಸಲ ಹತ್ತುವ ಮುನ್ನ ಆಸನದ ಮೇಲೆ ಐವತ್ತು ಕಿಲೋದ ಮೂರು ಮರಳಿನ ಚೀಲಗಳನ್ನು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಬೆಸುಗೆಗಳನ್ನೂ ಪಟ್ಟಿಗಳನ್ನೂ ಮತ್ತೆ ನೋಡಿ. ಮರ ದಪ್ಪವಾಗುತ್ತಿರುತ್ತದೆ, ಆದ್ದರಿಂದ ಸುಗ್ಗಿ ಮುಗಿದ ಕೂಡಲೇ ಪಟ್ಟಿ ಬಿಚ್ಚಿ ಮಂಚಿಕೆಯನ್ನು ಸೂರಿನಡಿ ಇಡಿ.