ಧ್ರುವ ನಕ್ಷತ್ರ ಕಾಣದ ಟೆರೇಸಿನಲ್ಲಿ ಉತ್ತರ ದಿಕ್ಕು ಗುರುತಿಸೋದು ಹೇಗೆ?

ವಿಜಯನಗರ_ಟೆರೇಸ್ (ಮೇ 14): ಎಲ್ಲರಿಗೂ ನಮಸ್ಕಾರ. ಟೆಲಿಸ್ಕೋಪಿನ ಈಕ್ವಟೋರಿಯಲ್ ಮೌಂಟನ್ನು (ನಕ್ಷತ್ರಗಳ ಚಲನೆಗೆ ತಕ್ಕಂತೆ ಟೆಲಿಸ್ಕೋಪ್ ತಿರುಗಿಸುವ ಸ್ಟ್ಯಾಂಡ್) ಸರಿಯಾಗಿ ಉತ್ತರಕ್ಕೆ ತಿರುಗಿಸಿ ಇಡಬೇಕು. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಇರೋದೇ ಸುಮಾರು 13 ಡಿಗ್ರಿ ಎತ್ತರದಲ್ಲಿ. ನಮಗೆ ಅದು ಪಕ್ಕದ ಅಪಾರ್ಟ್‌ಮೆಂಟಿನ ಹಿಂದೆ ಮರೆಯಾಗಿದೆ. ಫೋನಿನ ಕಂಪಾಸ್ ನೀರಿನ ಟ್ಯಾಂಕ್ ಹತ್ತಿರ ಒಂದು ದಿಕ್ಕು ತೋರಿಸಿದರೆ ಮೆಟ್ಟಿಲ ಬಾಗಿಲ ಹತ್ತಿರ ಇನ್ನೊಂದು. ಬೆಳಿಗ್ಗೆ 9ಕ್ಕೆ ಕೈಗಡಿಯಾರದ ಗಂಟೆ ಮುಳ್ಳನ್ನು ಸೂರ್ಯನ ಕಡೆ ಹಿಡಿದು, ಮುಳ್ಳಿಗೂ 12ಕ್ಕೂ ನಡುವೆ ದಕ್ಷಿಣ ಅಂತ ನೋಡಿದೆ. ಅದು ಎರಡಕ್ಕೂ ಹೊಂದುತ್ತಿಲ್ಲ. ಯಾವುದನ್ನು ನಂಬಲಿ?

ನೆರಳುಗೋಲು: ಸದ್ಯಕ್ಕೆ ಯಾವುದನ್ನೂ ನಂಬಬೇಡಿ. ಟೆರೇಸಿನ ಕಾಂಕ್ರೀಟ್ ಮೋಲ್ಡಿನೊಳಗೆ ಕಬ್ಬಿಣದ ಕಂಬಿ ಇರುತ್ತೆ ಅಲ್ವಾ, ಕಂಪಾಸ್ ಅದರ ಕಡೆ ವಾಲುತ್ತದೆ. ಗಡಿಯಾರದ ಉಪಾಯ ಯುರೋಪಿನಂಥ ಕಡೆಗೆ ಸರಿ, ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ನಮ್ಮಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋದರೆ, ಮತ್ತೆ ನೆತ್ತಿಗೆ ಬರೋದು ಆಗಸ್ಟ್ 18ರ ಸುಮಾರಿಗೆ. ನೀವು ನೋಡಿದ ಹೊತ್ತಿಗೆ ಗಡಿಯಾರ ಹೆಚ್ಚುಕಮ್ಮಿ 60 ಡಿಗ್ರಿ ತಪ್ಪು ತೋರಿಸಿರುತ್ತದೆ.

ನೆರಳನ್ನೇ ನಂಬಿ. ಮಟ್ಟವಾದ ಜಾಗದಲ್ಲಿ ಮೂರಡಿ ಕೋಲು ನಿಲ್ಲಿಸಿ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಕೋಲು ಎಲ್ಲೂ ವಾಲಿಲ್ಲ ಅಂತ ನೋಡಿಕೊಳ್ಳಿ. ಇದರಲ್ಲಿ ಮಾತ್ರ ಅವಸರ ಬೇಡ. ಬೆಳಿಗ್ಗೆ 10ಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಚುಕ್ಕಿ ಇಡಿ. ಕೋಲಿನ ಬುಡವನ್ನೇ ಕೇಂದ್ರವಾಗಿಟ್ಟುಕೊಂಡು, ಆ ಚುಕ್ಕಿಯ ಮೇಲೆ ಹಾದುಹೋಗುವ ಹಾಗೆ ದಾರದಿಂದ ವೃತ್ತ ಎಳೆಯಿರಿ. ಆಮೇಲೆ ನೆರಳು ವೃತ್ತದೊಳಗೆ ಕುಗ್ಗುತ್ತದೆ, ಮಧ್ಯಾಹ್ನ ಮತ್ತೆ ಬೆಳೆದು ಇನ್ನೊಂದು ಕಡೆ ವೃತ್ತವನ್ನು ಮುಟ್ಟುತ್ತದೆ. ಅಲ್ಲೊಂದು ಚುಕ್ಕಿ. ಮೊದಲನೆಯದು ಪಶ್ಚಿಮ, ಎರಡನೆಯದು ಪೂರ್ವ. ಎರಡನ್ನೂ ಸೇರಿಸಿ ಗೆರೆ ಎಳೆದು, ಅದಕ್ಕೆ ಲಂಬವಾಗಿ ಇನ್ನೊಂದು ಎಳೆದರೆ ಅದೇ ಉತ್ತರ-ದಕ್ಷಿಣ. ಯಜ್ಞವೇದಿ ಕಟ್ಟಲು ಶುಲ್ಬಸೂತ್ರದವರು (ವೇದಿಯ ಅಳತೆ ಹೇಳುವ ಪ್ರಾಚೀನ ಗ್ರಂಥಗಳನ್ನು ಬರೆದವರು) ಹೇಳಿಕೊಟ್ಟ ಕ್ರಮ ಇದು. ವರ್ಷದ ಯಾವ ತಿಂಗಳಲ್ಲಾದರೂ ನಡೆಯುತ್ತದೆ, ನನಗೆ ಇದೇ ತುಂಬಾ ಇಷ್ಟ.

ವಿಜಯನಗರ_ಟೆರೇಸ್: ಸರಿಯಾಗಿ 12ಕ್ಕೆ ನೆರಳು ನೋಡಿದರೆ ಸಾಲದಾ ಸರ್? ಮಧ್ಯಾಹ್ನ ಮೋಡ ಕವಿಯೋ ಕಾಲ ಬೇರೆ.

ನೆರಳುಗೋಲು: ಸಾಲದು. ಭಾರತೀಯ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವಿರೋದು 77.6ರಲ್ಲಿ. ಹಾಗಾಗಿ ಈ ವಾರ ಸೂರ್ಯ ನಡುಮಧ್ಯಾಹ್ನಕ್ಕೆ ಬರೋದು 12:16ರ ಸುಮಾರಿಗೆ. ಆಗ ಮೂರಡಿ ಕೋಲಿನ ನೆರಳು ನಾಲ್ಕಿಂಚೂ ಇರಲ್ಲ. ಅಷ್ಟು ಗಿಡ್ಡ ನೆರಳಿನಲ್ಲಿ ದಿಕ್ಕು ಹಿಡಿಯೋದು ಕಷ್ಟ.

ಮೋಡಕ್ಕೆ ಉಪಾಯ ಇದೆ. 9ರಿಂದ 11ರವರೆಗೆ ಅರ್ಧ ಗಂಟೆಗೊಂದು ಚುಕ್ಕಿ ಇಟ್ಟು, ಪ್ರತಿಯೊಂದಕ್ಕೂ ಬೇರೆ ವೃತ್ತ ಎಳೆದುಬಿಡಿ. 10ರ ಚುಕ್ಕಿಗೆ ಜೋಡಿ 2:32ರ ಹೊತ್ತಿಗೆ ಸಿಗುತ್ತದೆ, 11ರದ್ದಕ್ಕೆ 1:32ಕ್ಕೆ. ಒಂದು ಜೋಡಿ ಸಿಕ್ಕರೂ ಕೆಲಸ ಆಯಿತು. ಎರಡು ಸಿಕ್ಕರೆ ಎರಡು ಗೆರೆಗಳೂ ಸಮಾನಾಂತರ ಇವೆಯಾ ನೋಡಿ. ಇಲ್ಲದಿದ್ದರೆ ಕೋಲು ವಾಲಿದೆ, ಅಥವಾ ನೆಲ ಇಳಿಜಾರಾಗಿದೆ. ಮಳೆ ನೀರು ಹರಿಯಲಿ ಅಂತ ಟೆರೇಸಿಗೆ ಇಳಿಜಾರು ಕೊಟ್ಟೇ ಇರುತ್ತಾರೆ, ಅದಕ್ಕೆ ಪ್ಲೈವುಡ್ ಹಲಗೆ ಹಾಕಿ ರಸಮಟ್ಟದಿಂದ ಸರಿ ಮಾಡಿಕೊಂಡೇ ಶುರು ಮಾಡಿ.