ಫೋನಿಗೆ ಯಾವ ನೋಟ್ಸ್ ಆ್ಯಪ್? ಒಂದೇ ನೋಟಿಗೆ ಎರಡು ಕಾಪಿ ಆಗುತ್ತಿದೆ, ಕನ್ನಡದಲ್ಲಿ ಹುಡುಕಿದರೆ ಸಿಗುತ್ತಿಲ್ಲ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಆಂಡ್ರಾಯ್ಡ್ ಫೋನಿನಲ್ಲಿ ನೋಟ್ಸ್ ಬರೆದುಕೊಳ್ಳಲು ಹೊಸ ಆ್ಯಪ್ ಹುಡುಕುತ್ತಿದ್ದೇನೆ. ಈಗಿರುವುದರಲ್ಲಿ ಎರಡು ತೊಂದರೆ ಇದೆ. ನೆಟ್‌ವರ್ಕ್ ಇಲ್ಲದ ಕಡೆ ಫೋನಿನಲ್ಲಿ ಬರೆದಿರುತ್ತೇನೆ. ಆಮೇಲೆ ಅದೇ ನೋಟನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಹಳೆಯದೇ ಕಾಣುತ್ತದೆ. ಅಲ್ಲಿ ನಾಲ್ಕು ಸಾಲು ಸೇರಿಸಿದರೆ ಸ್ವಲ್ಪ ಹೊತ್ತಿಗೆ ಎರಡು ಕಾಪಿ! ಯಾವುದರಲ್ಲಿ ಏನಿದೆ ಅಂತ ಕೂತು ಹೋಲಿಸಬೇಕು.

ಇನ್ನೊಂದು, ಕನ್ನಡದಲ್ಲಿ ಹುಡುಕಿದರೆ ಕೆಲವು ಪದ ಸಿಗುತ್ತವೆ. ಕೆಲವು ಕಣ್ಣೆದುರೇ ಇದ್ದರೂ ಸಿಗುವುದಿಲ್ಲ.

ನಾನು ಬರೆಯುವುದು ಜಾಸ್ತಿ ಪಠ್ಯವೇ, ಆಗೊಂದು ಈಗೊಂದು ಫೋಟೊ. ಕೈಬರಹ ಬೇಡ. ಕೀಪ್, ನೋಷನ್, ಜಾಪ್ಲಿನ್, ಅಬ್ಸಿಡಿಯನ್, ಇಷ್ಟು ಹೆಸರು ಕೇಳಿದ್ದೇನೆ.

ಉತ್ತರ 1:

ಗೂಗಲ್ ಕೀಪ್ ಹಾಕಿಕೊಳ್ಳಿ. ತೆರೆದ ಕೂಡಲೇ ಬರೆಯಬಹುದು, ವಿಜೆಟ್ ಇದೆ, ದುಡ್ಡು ಕೊಡಬೇಕಿಲ್ಲ. ಇಷ್ಟಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಉತ್ತರ 2:

ಸಣ್ಣ ಪಟ್ಟಿ, ಜ್ಞಾಪಕದ ಚೀಟಿಗೆ ಕೀಪ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಒಂದು ನೋಟಿಗೆ ಸುಮಾರು 20,000 ಅಕ್ಷರದ ಮಿತಿ ಇದೆ. ಯೂನಿಕೋಡ್ (ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಸಂಕೇತಗಳ) ಲೆಕ್ಕದಲ್ಲಿ ‘ಕ್ಷಾ’ ಒಂದಲ್ಲ, ನಾಲ್ಕು. ಹಾಗಾಗಿ ಕನ್ನಡದಲ್ಲಿ ಉದ್ದ ಬರೆಯುವವರಿಗೆ ಮಿತಿ ಬೇಗ ತಾಗುತ್ತದೆ. ನೋಷನ್‌ಗೆ ಆಫ್‌ಲೈನ್ ಸೌಲಭ್ಯ ಬಂದದ್ದೇ 2025ರಲ್ಲಿ. ಉಚಿತ ಖಾತೆಯಲ್ಲಿ ಬೇಕಾದ ಪುಟಗಳಿಗೆ ಮೊದಲೇ ಗುರುತು ಹಾಕಿಟ್ಟಿರಬೇಕು. ನೀವು ನೆಟ್ ಇಲ್ಲದ ಕಡೆ ಬರೆಯುವವರು, ನಿಮಗೆ ಅದು ಬೇಡ.

ಆ್ಯಪ್ ಹೆಸರು ಆಮೇಲೆ ನೋಡೋಣ. ಮೊದಲು ಕೇಳಬೇಕಾದದ್ದು ಇದು: ನೋಟ್ಸ್ ಫೋನಿನಲ್ಲಿ ಯಾವ ರೂಪದಲ್ಲಿ ಕೂತಿವೆ, ನಾಳೆ ಬಿಟ್ಟು ಹೋಗಬೇಕೆಂದರೆ ಹೇಗೆ ಹೊರಗೆ ತೆಗೆಯುವುದು? ಉಚಿತ ಅಂತ ಶುರುವಾದದ್ದು ಹಾಗೇ ಇರುತ್ತದೆ ಅಂತಿಲ್ಲ. ಎವರ್‌ನೋಟ್ 2023ರ ಕೊನೆಯಲ್ಲಿ ಉಚಿತ ಖಾತೆಗೆ 50 ನೋಟ್, ಒಂದು ನೋಟ್‌ಬುಕ್ ಅಂತ ಮಿತಿ ಹಾಕಿತು.

ಅಬ್ಸಿಡಿಯನ್, ಮಾರ್ಕರ್ (Markor ಅನ್ನುವ ಇನ್ನೊಂದು ನೋಟ್ಸ್ ಆ್ಯಪ್) ಎರಡೂ ಸಾಮಾನ್ಯ ಮಾರ್ಕ್‌ಡೌನ್ ಫೈಲುಗಳ ಮೇಲೆ, ಅಂದರೆ ತಲೆಬರಹ, ಪಟ್ಟಿಗೆ ಸರಳ ಗುರುತು ಹಾಕಿದ ಬರೀ ಪಠ್ಯದ ಫೈಲುಗಳ ಮೇಲೆ ಕೆಲಸ ಮಾಡುತ್ತವೆ. ಆ್ಯಪ್ ಹೋದರೂ ಫೈಲನ್ನು ಯಾವ ಎಡಿಟರ್‌ನಲ್ಲಾದರೂ ತೆರೆಯಬಹುದು. ಜಾಪ್ಲಿನ್ ತನ್ನದೇ ಡೇಟಾಬೇಸ್‌ನಲ್ಲಿ ಇಡುತ್ತದೆ, ಆದರೆ ಲ್ಯಾಪ್‌ಟಾಪ್‌ನಿಂದ ಮಾರ್ಕ್‌ಡೌನ್ ಆಗಿ ಹೊರಗೆ ತೆಗೆಯಲು ಬಿಡುತ್ತದೆ. ನೆಕ್ಸ್ಟ್‌ಕ್ಲೌಡ್, ಡ್ರಾಪ್‌ಬಾಕ್ಸ್ ತರಹದ ಆನ್‌ಲೈನ್ ಸಂಗ್ರಹ, ವೆಬ್‌ಡಾವ್ (ಸರ್ವರ್‌ನಲ್ಲಿ ಫೈಲು ಇಡುವ ಒಂದು ವಿಧಾನ) ಯಾವುದಕ್ಕಾದರೂ ಸಿಂಕ್ ಮಾಡಬಹುದು, ಅಂದರೆ ಎಲ್ಲ ಕಡೆ ನೋಟ್ಸ್ ಒಂದೇ ಆಗುವಂತೆ ಹೊಂದಿಸಬಹುದು. ಬೇರೆಯವರು ಓದದಂತೆ ಗುಪ್ತವಾಗಿಡುವ ಎನ್‌ಕ್ರಿಪ್ಷನ್ ಕೂಡ ಇದೆ.

ಈಗ ಎರಡು ಕಾಪಿಯ ವಿಷಯ. ಅದು ಆ್ಯಪ್ ಕೆಟ್ಟಿದೆ ಅನ್ನುವ ಲಕ್ಷಣ ಅಲ್ಲ. ಎರಡು ಕಡೆ ಬದಲಾದ ನೋಟಿನಲ್ಲಿ ಯಾವುದನ್ನೂ ಕಳೆಯಬಾರದು ಅಂತ ಎರಡನ್ನೂ ಉಳಿಸುತ್ತದೆ. ಸಾಧನಗಳ ನಡುವೆ ಫೈಲು ಸಿಂಕ್ ಮಾಡುವ ಸಿಂಕ್‌ಥಿಂಗ್ ಆದರೆ ಫೈಲಿನ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಅಂತ ಸೇರಿಸುತ್ತದೆ, ಜಾಪ್ಲಿನ್ ಬೇರೆ ನೋಟ್‌ಬುಕ್‌ಗೆ ಹಾಕುತ್ತದೆ. ಕೊನೆಗೆ ಉಳಿಸಿದ್ದನ್ನು ಮಾತ್ರ ಇಟ್ಟುಕೊಂಡು ಇನ್ನೊಂದನ್ನು ಸುಮ್ನೆ ಅಳಿಸಿಬಿಡುವ ಆ್ಯಪ್‌ಗಳೇ ಅಪಾಯ, ಏಕೆಂದರೆ ಹೋದದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಇದಕ್ಕೆ ಮದ್ದು ಬರೆಯುವ ರೀತಿಯಲ್ಲಿದೆ. ಒಂದೇ ಉದ್ದ ನೋಟಿಗೆ ದಿನಾ ಸೇರಿಸುತ್ತಾ ಹೋಗಬೇಡಿ. ಹೊರಗಿದ್ದಾಗ ಪ್ರತಿ ವಿಷಯಕ್ಕೂ ಹೊಸ ನೋಟು ತೆರೆಯಿರಿ. ಹೊಸ ಫೈಲಿಗೆ ಜಗಳ ಆಡಲು ಜೊತೆಗಾರನೇ ಇರುವುದಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತಾಗ ಅವನ್ನು ದೊಡ್ಡ ನೋಟಿಗೆ ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:

ತುಂಬಾ ಉಪಕಾರವಾಯಿತು. ಹೌದು, ನಾನು ಒಂದೇ ನೋಟಿಗೆ ತಿಂಗಳುಗಟ್ಟಲೆ ಸೇರಿಸುತ್ತಾ ಬಂದಿದ್ದೇನೆ. ಜಾಪ್ಲಿನ್ ಹಾಕಿ ನೋಡಿದೆ. ಆದರೆ ಫೋನಿನಲ್ಲಿ ಬರೆದು ಜೇಬಿಗೆ ಹಾಕಿಕೊಂಡರೆ ಲ್ಯಾಪ್‌ಟಾಪ್‌ಗೆ ಬರುವುದೇ ಇಲ್ಲ. ಮತ್ತೆ ಆ್ಯಪ್ ತೆರೆದಾಗ ಮಾತ್ರ ಬರುತ್ತದೆ. ಹುಡುಕಾಟದ ತೊಂದರೆಯೂ ಹಾಗೇ ಇದೆ.

ಉತ್ತರ 2:

ಫೋನಿನಲ್ಲಿ ಜಾಪ್ಲಿನ್ ತೆರೆದಿದ್ದಾಗ ಸಿಂಕ್ ಆಗುತ್ತದೆ, ಹಿನ್ನೆಲೆಯಲ್ಲಿ ಆಗುತ್ತದೆ ಅಂತ ನಂಬಿ ಕೂರಬೇಡಿ. ಬರೆದು ಮುಗಿಸಿದ ಮೇಲೆ ಸಿಂಕ್ ಗುಂಡಿ ಒತ್ತಿ, ಮುಗಿದ ಮೇಲೆ ಮುಚ್ಚಿ. ಫೈಲುಗಳನ್ನು ಬೇರೆ ಆ್ಯಪ್‌ನಿಂದ ಸಿಂಕ್ ಮಾಡುವುದಾದರೆ ಆ ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ. ಇಲ್ಲದಿದ್ದರೆ ಆಂಡ್ರಾಯ್ಡ್ ಅದನ್ನು ಮಲಗಿಸಿಬಿಡುತ್ತದೆ.

ಉತ್ತರ 3:

ಹುಡುಕಾಟದ ಬಗ್ಗೆ ನಾನು ಹೇಳುತ್ತೇನೆ. ಇದು ಬಹಳ ಸಲ ಕೀಬೋರ್ಡ್‌ನಿಂದ ಬರುತ್ತದೆ. ‘ಕೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವಕ್ಕೆ ಊಕಾರ ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇವೆರಡನ್ನೂ ಸಮ ಅಂತ ನೋಡದ ಆ್ಯಪ್‌ಗೆ ಬೇರೆ ಬೇರೆ. ‘ಬಿಲ್’ ಕೊನೆಯಲ್ಲಿ ಕಾಣದ ಜೋಡಣೆ-ತಡೆ ಸಂಕೇತ (ಮುಂದಿನ ಅಕ್ಷರ ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ತಡೆಯುವುದು) ಸೇರಿಕೊಂಡರೂ ಇದೇ ಕಥೆ. ಹುಡುಕುವ ಪದದಲ್ಲಿ ಅದಿದ್ದು ನೋಟಿನಲ್ಲಿ ಇಲ್ಲದಿದ್ದರೆ ಸಿಗುವುದಿಲ್ಲ.

ಹೀಗೆ ಪರೀಕ್ಷಿಸಿ. ಸಿಗದ ಪದವನ್ನು ನೋಟಿನಿಂದಲೇ ಕಾಪಿ ಮಾಡಿ ಹುಡುಕಾಟದ ಪೆಟ್ಟಿಗೆಗೆ ಅಂಟಿಸಿ. ಆಗ ಸಿಕ್ಕರೆ ಕೀಬೋರ್ಡ್ ವ್ಯತ್ಯಾಸ. ಆಗಲೂ ಸಿಗದಿದ್ದರೆ ಆ್ಯಪ್‌ನ ಹುಡುಕಾಟವೇ ಕನ್ನಡಕ್ಕೆ ಸರಿಯಿಲ್ಲ, ಬೇರೆ ನೋಡಿ.

ಪ್ರಶ್ನೆ ಕೇಳಿದವರು:

ಅಂಟಿಸಿದರೆ ಸಿಕ್ಕಿತು! ಫೋನಿನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಬೇರೆ ಬೇರೆ ಕೀಬೋರ್ಡ್ ಇದೆ, ಅದಕ್ಕೇ ಇರಬೇಕು ಅಲ್ವಾ? ಇನ್ನು ಹಳೆಯ ಆ್ಯಪ್ ತೆಗೆದುಹಾಕಬಹುದಾ?

ಉತ್ತರ 3:

ಅದಕ್ಕೇ ಇರುವ ಸಾಧ್ಯತೆ ಜಾಸ್ತಿ. ಹೊಸದಾಗಿ ಬರೆಯುವಾಗ ಮುಖ್ಯ ನೋಟುಗಳ ತಲೆಬರಹದಲ್ಲಿ ‘ಕೊ’, ‘ಲ್’ ತರಹದ್ದು ಇಲ್ಲದ ಒಂದು ಪದ ಸೇರಿಸಿಡಿ. ಯಾವ ಕೀಬೋರ್ಡ್‌ನಿಂದ ಹುಡುಕಿದರೂ ಸಿಗುತ್ತದೆ.

ಉತ್ತರ 2:

ಹಳೆಯದನ್ನು ಈಗಲೇ ತೆಗೆಯಬೇಡಿ. ಆ್ಯಪ್ ತೆಗೆದರೆ ಅದರ ಸ್ವಂತ ಜಾಗದಲ್ಲಿರುವ ಫೈಲುಗಳನ್ನೂ ಆಂಡ್ರಾಯ್ಡ್ ಅಳಿಸುತ್ತದೆ. ಮೊದಲು ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ, ಫೋಟೊ ಇರುವ ಕೆಲವು ನೋಟುಗಳನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ಚಿತ್ರವೂ ಬಂದಿದೆಯಾ ನೋಡಿ. ಪಠ್ಯ ಬಂದು ಚಿತ್ರ ಬರದೆ ಹೋಗುವುದು ಸಾಮಾನ್ಯ. ಆಮೇಲೆ ತೆಗೆಯಿರಿ.